ಹಳೆಯ ಪ್ರೋಗ್ರಾಮಿಗೆ ಹೊರಗಿನ ಗಡಿಯಾರ

2020ರ ಏಪ್ರಿಲ್ ತಿಂಗಳು. ಕೊರೊನಾ ಸೋಂಕಿನ ಕಾರಣದಿಂದ ಅಮೆರಿಕದಲ್ಲಿ ಅಂಗಡಿ, ಹೋಟೆಲು, ಕಾರ್ಖಾನೆಗಳು ಬಾಗಿಲು ಹಾಕಿದ್ದವು. ಕೆಲಸ ಕಳೆದುಕೊಂಡವರು ನಿರುದ್ಯೋಗ ಭತ್ಯೆಗಾಗಿ ಒಮ್ಮೆಗೇ ಮುಗಿಬಿದ್ದರು. ನ್ಯೂಜೆರ್ಸಿ ರಾಜ್ಯದಲ್ಲಿ ಆ ಅರ್ಜಿಗಳನ್ನು ನಿಭಾಯಿಸಬೇಕಿದ್ದ ಕಂಪ್ಯೂಟರ್ ವ್ಯವಸ್ಥೆ 40 ವರ್ಷಕ್ಕೂ ಹಳೆಯದು. ಅದನ್ನು ಬರೆದದ್ದು ಕೋಬಾಲ್ ಎಂಬ ಭಾಷೆಯಲ್ಲಿ. ಆ ಭಾಷೆ ಬಲ್ಲವರು ಸ್ವಯಂಸೇವಕರಾಗಿ ಮುಂದೆ ಬರಬೇಕೆಂದು ಗವರ್ನರ್ ಫಿಲ್ ಮರ್ಫಿ ಬಹಿರಂಗವಾಗಿ ಕರೆ ಕೊಟ್ಟರು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶದಲ್ಲಿ, ಬಡವನ ಭತ್ಯೆ ಹಳೆಯದೊಂದು ಪ್ರೋಗ್ರಾಮಿನ ಬಾಗಿಲಲ್ಲಿ ಸರದಿ ನಿಂತಿತ್ತು.

ಕೋಬಾಲ್ ಭಾಷೆಯ ಮೊದಲ ನಿರೂಪಣೆ ಹೊರಬಂದದ್ದು 1960ರಲ್ಲಿ. ಅದರಲ್ಲಿ ಬರೆದ ಪ್ರೋಗ್ರಾಮುಗಳು ಇಂದಿಗೂ ಅನೇಕ ದೇಶಗಳ ಬ್ಯಾಂಕು, ವಿಮಾ ಸಂಸ್ಥೆ ಮತ್ತು ಸರ್ಕಾರಿ ಇಲಾಖೆಗಳಲ್ಲಿ ದುಡಿಯುತ್ತಿವೆ. ಕೋಬಾಲ್ ಮಾತ್ರವಲ್ಲ, ಅದರ ನಂತರದ ಭಾಷೆಗಳಲ್ಲಿ ಬರೆದವೂ ಈಗ ಹಳೆಯವಾಗಿವೆ. ಇವನ್ನು ತಂತ್ರಾಂಶ ಲೋಕದಲ್ಲಿ 'ಲೆಗಸಿ ಕೋಡ್' ಎನ್ನುತ್ತಾರೆ. ಲೆಗಸಿ ಎಂದರೆ ಹಿರಿಯರು ಬಿಟ್ಟುಹೋದದ್ದು, ಪಿತ್ರಾರ್ಜಿತ. ಪಿತ್ರಾರ್ಜಿತದಲ್ಲಿ ಆಸ್ತಿಯ ಜೊತೆಗೆ ಸಾಲವೂ ಬರುವುದುಂಟು. ಇಲ್ಲಿಯೂ ಹಾಗೆಯೇ.

ಇಂಥ ಪ್ರೋಗ್ರಾಮನ್ನು ಕೆಡಿಸದೆ ತಿದ್ದುವುದು ಹೇಗೆ ಎಂಬ ಪ್ರಶ್ನೆಗೆ ಕಳೆದ ಅರ್ಧ ಶತಮಾನದಲ್ಲಿ ಹಲವರು ಉತ್ತರ ಹುಡುಕಿದ್ದಾರೆ. ಅವುಗಳಲ್ಲಿ ಸರಳವಾದ, ಆದರೆ ಪರಿಣಾಮದಲ್ಲಿ ದೊಡ್ಡದಾದ ಒಂದು ಉಪಾಯಕ್ಕೆ 'ಡಿಪೆಂಡೆನ್ಸಿ ಇಂಜೆಕ್ಷನ್' ಎಂದು ಹೆಸರು. ಹೆಸರು ಕೇಳಿದರೆ ವೈದ್ಯರ ಸೂಜಿ ನೆನಪಾಗಬಹುದು. ಅರ್ಥ ಮಾತ್ರ ಇಷ್ಟೇ: ಒಂದು ಪ್ರೋಗ್ರಾಂ ತನ್ನ ಕೆಲಸಕ್ಕೆ ಯಾವುದನ್ನು ನೆಚ್ಚಿಕೊಂಡಿದೆಯೋ ಅದನ್ನು ಅದು ತಾನೇ ಹುಡುಕಿ ತಂದುಕೊಳ್ಳದೆ, ಹೊರಗಿನವರು ಅದರ ಕೈಗೆ ಕೊಡುವುದು.

ಅಡುಗೆಯವರ ಪಟ್ಟಿ

ಮದುವೆ ಮನೆಯ ಅಡುಗೆಯನ್ನು ನೆನೆದುಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಅಡುಗೆಯವರು ಮೊದಲು ಸಾಮಾನಿನ ಪಟ್ಟಿ ಬರೆದು ಕೊಡುತ್ತಾರೆ. ಅಕ್ಕಿ ಇಷ್ಟು, ಬೇಳೆ ಇಷ್ಟು, ಬೆಲ್ಲ ಇಷ್ಟು. ತಂದುಕೊಡುವುದು ಮನೆಯವರ ಜವಾಬ್ದಾರಿ. ಯಾವ ಅಂಗಡಿಯಿಂದ ತಂದರು, ಏನು ಬೆಲೆ ಕೊಟ್ಟರು ಎಂಬುದು ಅಡುಗೆಯವರಿಗೆ ಬೇಕಿಲ್ಲ. ಪಟ್ಟಿಯಲ್ಲಿದ್ದದ್ದು ಕೈಗೆ ಬಂದರೆ ಸಾಕು, ಅಡುಗೆ ಆಗುತ್ತದೆ. ಹೀಗಿರುವಾಗ ಮನೆಯವರು ಅಂಗಡಿ ಬದಲಿಸಿದರೂ ಅಡುಗೆಗೆ ತೊಂದರೆಯಿಲ್ಲ. ಮದುವೆಗೆ ಮುಂಚೆ ಒಂದು ದಿನ ಒಂದು ಸೇರು ಅಕ್ಕಿ ಕೊಟ್ಟು ಇವರ ಕೈರುಚಿ ಹೇಗಿದೆ ಎಂದು ನೋಡಲೂ ಸಾಧ್ಯ.

ಇದಕ್ಕೆ ಬದಲಾಗಿ ಅಡುಗೆಯವರು ಯಾರಿಗೂ ಹೇಳದೆ ತಾವೇ ಒಂದು ಗೊತ್ತಾದ ಅಂಗಡಿಗೆ ಹೋಗಿ, ಮನೆಯವರ ಲೆಕ್ಕದಲ್ಲಿ ಸಾಮಾನು ತರುತ್ತಾರೆ ಎಂದುಕೊಳ್ಳೋಣ. ಆ ಅಂಗಡಿ ಮುಚ್ಚಿದ ದಿನ ಅಡುಗೆಯೂ ನಿಲ್ಲುತ್ತದೆ. ಕೈರುಚಿ ನೋಡಬೇಕೆಂದರೂ ಇಡೀ ಮದುವೆಯ ಸಾಮಾನು ತಂದು ಸಾವಿರ ಜನರಿಗೆ ಬಡಿಸಿಯೇ ನೋಡಬೇಕು.

ಹಳೆಯ ಪ್ರೋಗ್ರಾಮುಗಳಲ್ಲಿ ಬಹುಪಾಲು ಈ ಎರಡನೆಯ ಬಗೆಯ ಅಡುಗೆಯವರು. ಉದಾಹರಣೆಗೆ ಬ್ಯಾಂಕೊಂದರಲ್ಲಿ ಸಾಲದ ಕಂತು ತಡವಾದವರ ಲೆಕ್ಕ ಮಾಡುವ ಪ್ರೋಗ್ರಾಂ ಇದೆ ಎಂದಿಟ್ಟುಕೊಳ್ಳಿ. ಅದು ಮೂರು ಕೆಲಸ ಮಾಡುತ್ತದೆ. ಯಂತ್ರದ ಗಡಿಯಾರವನ್ನು ಕೇಳಿ ಇಂದಿನ ದಿನಾಂಕ ತಿಳಿಯುತ್ತದೆ. ಖಾತೆಗಳ ಕಡತ ತೆರೆದು ದಂಡಬಡ್ಡಿ ಹಾಕುತ್ತದೆ. ನಂತರ ಸಾಲಗಾರರಿಗೆ ನೋಟಿಸು ಕಳಿಸುತ್ತದೆ. ಗಡಿಯಾರ, ಕಡತ, ಅಂಚೆ, ಈ ಮೂರನ್ನೂ ಪ್ರೋಗ್ರಾಂ ತನ್ನ ಒಡಲೊಳಗಿಂದಲೇ ನೇರವಾಗಿ ಕರೆಯುತ್ತದೆ. ಇವೇ ಅದರ ಅವಲಂಬನೆಗಳು.

ಈ ಪ್ರೋಗ್ರಾಮಿನ ಬಡ್ಡಿ ಲೆಕ್ಕದಲ್ಲಿ ಒಂದು ಸಾಲು ಬದಲಾಗಬೇಕಾಗಿದೆ. ಬದಲಿಸಿದ್ದು ಸರಿಯಾಯಿತೇ ಎಂದು ನೋಡಲು ಅದನ್ನು ಓಡಿಸಬೇಕು. ಓಡಿಸಿದರೆ ಅದು ನಿಜವಾದ ಖಾತೆಗಳಿಗೆ ಬಡ್ಡಿ ಹಾಕಿ, ನಿಜವಾದ ಜನರಿಗೆ ನೋಟಿಸು ಕಳಿಸಿಬಿಡುತ್ತದೆ. ಫೆಬ್ರುವರಿ 29ರಂದು ಲೆಕ್ಕ ಏನಾಗುತ್ತದೆ ಎಂದು ನೋಡಬೇಕಾದರೆ ಆ ದಿನ ಬರುವವರೆಗೂ ಕಾಯಬೇಕು. ಕಾಯದೆ ತಿದ್ದಿದರೆ ಕತ್ತಲಲ್ಲಿ ಕಲ್ಲು ಹೊಡೆದಂತೆ. ಅದಕ್ಕೇ ಯಾರೂ ಮುಟ್ಟುವುದಿಲ್ಲ.

ಮುಟ್ಟದಿದ್ದರೆ ಏನಾಗುತ್ತದೆ?

ಮುಟ್ಟದೆ ಹಾಗೆಯೇ ಬಿಡಬಹುದಲ್ಲ ಎಂದು ಕೇಳಬಹುದು. ಇದಕ್ಕೆ ಉತ್ತರ ಕೊಟ್ಟವರಲ್ಲಿ ಮೊದಲಿಗರು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಪ್ರಾಧ್ಯಾಪಕ ಮೇರ್ ಲೇಮನ್. ಅವರು ಮತ್ತು ಲಾಸ್ಲೊ ಬೆಲಾಡಿ ಐಬಿಎಂ ಕಂಪನಿಯ ಓಎಸ್/360 ಎಂಬ ಬೃಹತ್ ತಂತ್ರಾಂಶ ವರ್ಷದಿಂದ ವರ್ಷಕ್ಕೆ ಬೆಳೆದ ಬಗೆಯನ್ನು ಅಧ್ಯಯನ ಮಾಡಿದರು. 1974ರಿಂದ ಮುಂದೆ ಲೇಮನ್ ಮುಂದಿಟ್ಟ ನಿಯಮಗಳಲ್ಲಿ ಮೊದಲನೆಯದು, ಬಳಕೆಯಲ್ಲಿರುವ ಪ್ರೋಗ್ರಾಂ ನಿರಂತರವಾಗಿ ಬದಲಾಗುತ್ತಲೇ ಇರಬೇಕು, ಇಲ್ಲದಿದ್ದರೆ ದಿನೇ ದಿನೇ ಅದರ ಉಪಯುಕ್ತತೆ ಕುಗ್ಗುತ್ತದೆ ಎಂಬುದು. ಎರಡನೆಯದು, ಬದಲಾವಣೆ ಮಾಡಿದಷ್ಟೂ ಅದು ಗೋಜಲಾಗುತ್ತದೆ, ಗೋಜಲು ಬಿಡಿಸಲು ಪ್ರತ್ಯೇಕವಾಗಿ ದುಡಿಯದೆ ಬೇರೆ ದಾರಿಯಿಲ್ಲ ಎಂಬುದು.

ಇದರಲ್ಲಿ ಅಚ್ಚರಿಯೇನಿಲ್ಲ. ಬಡ್ಡಿಯ ದರ ಬದಲಾಗುತ್ತದೆ, ತೆರಿಗೆ ಕಾನೂನು ಬದಲಾಗುತ್ತದೆ, ಸರ್ಕಾರ ಹೊಸ ಯೋಜನೆ ತರುತ್ತದೆ. ಪ್ರೋಗ್ರಾಂ ತಾನಿದ್ದಲ್ಲೇ ಇದ್ದರೂ ಅದರ ಸುತ್ತಲಿನ ಲೋಕ ಇರುವುದಿಲ್ಲ.

ಲೇಮನ್‌ಗಿಂತ ಎರಡು ವರ್ಷ ಮುಂಚೆ, 1972ರಲ್ಲಿ, ಡೇವಿಡ್ ಪಾರ್ನಸ್ ಬರೆದ ಒಂದು ಲೇಖನ ಗೋಜಲನ್ನು ತಡೆಯುವ ದಾರಿ ತೋರಿಸಿತ್ತು. ಪ್ರೋಗ್ರಾಮನ್ನು ಭಾಗ ಮಾಡುವಾಗ 'ಮೊದಲು ಇದು, ಆಮೇಲೆ ಅದು' ಎಂಬ ಕೆಲಸದ ಕ್ರಮ ನೋಡಿ ಭಾಗ ಮಾಡಬಾರದು. ಮುಂದೆ ಯಾವುದು ಬದಲಾಗಬಹುದೋ ಅದನ್ನು ಒಂದೊಂದು ಭಾಗದೊಳಗೆ ಮುಚ್ಚಿಡಬೇಕು ಎಂಬುದು ಪಾರ್ನಸ್ ವಾದ. ಒಂದು ಕಡೆಯ ಬದಲಾವಣೆ ಆಗ ಇನ್ನೊಂದು ಕಡೆಗೆ ಹರಿಯುವುದಿಲ್ಲ. ಡಿಪೆಂಡೆನ್ಸಿ ಇಂಜೆಕ್ಷನ್ನಿನ ಬೇರು ಇಲ್ಲಿದೆ. ಆದರೆ ಅಷ್ಟರಲ್ಲಿ ಲೋಕದ ಬ್ಯಾಂಕು, ಕಚೇರಿಗಳಲ್ಲಿ ಕೋಟ್ಯಂತರ ಸಾಲುಗಳ ಪ್ರೋಗ್ರಾಂ ಬರೆಯುವ ಕೆಲಸ ಭರದಿಂದ ಸಾಗಿತ್ತು.

ಕಾರ್ಡಿನಲ್ಲಿ ಬಂದ ದಿನಾಂಕ

ಸ್ವಾರಸ್ಯದ ಸಂಗತಿಯೆಂದರೆ, ಹೊರಗಿನಿಂದ ಕೊಡುವ ಪದ್ಧತಿ ಹಳೆಯ ಕಾಲದವರಿಗೆ ಪೂರ್ತಿ ಅಪರಿಚಿತವಾಗಿರಲಿಲ್ಲ. ಪಂಚ್ ಕಾರ್ಡುಗಳ ಕಾಲದಲ್ಲಿ, ರಾತ್ರಿ ಓಡಿಸುವ ಲೆಕ್ಕಪತ್ರದ ಪ್ರೋಗ್ರಾಮುಗಳಿಗೆ ಅಂದಿನ ದಿನಾಂಕವನ್ನು ಒಂದು ಕಾರ್ಡಿನಲ್ಲಿ ರಂಧ್ರ ಮಾಡಿ ಕೊಡುವ ರೂಢಿ ಅನೇಕ ಕಡೆ ಇತ್ತು. ಪ್ರೋಗ್ರಾಂ ಆ ಕಾರ್ಡು ಓದಿ, 'ಇಂದು ಇಂಥ ದಿನ' ಎಂದು ನಂಬಿ ಕೆಲಸ ಮಾಡುತ್ತಿತ್ತು. ನಿನ್ನೆಯ ಲೆಕ್ಕ ಮತ್ತೆ ಮಾಡಬೇಕಾದರೆ ನಿನ್ನೆಯ ಕಾರ್ಡು ಹಾಕಿದರಾಯಿತು. ಬ್ಯಾಂಕುಗಳಲ್ಲಿ 'ದಿನದ ಆರಂಭ', 'ದಿನದ ಮುಕ್ತಾಯ' ಎಂದು ಕಂಪ್ಯೂಟರಿಗೆ ಹೇಳಿ ವ್ಯವಹಾರದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಿಂದ ಬೇರೆಯಾಗಿಯೇ ಇಟ್ಟುಕೊಳ್ಳುವ ಕ್ರಮವೂ ಇದೇ ಜಾತಿಯದು.

ಆದರೆ ಯಂತ್ರದೊಳಗೇ ಗಡಿಯಾರ, ಕ್ಯಾಲೆಂಡರು ಬಂದ ಮೇಲೆ, ಒಂದು ಸಾಲು ಬರೆದರೆ ದಿನಾಂಕ ಸಿಗುವಾಗ ಕಾರ್ಡಿನ ಗೊಡವೆ ಯಾಕೆ ಎಂದು ಅನೇಕರಿಗೆ ಅನ್ನಿಸಿತು. ದಿನಾಂಕ ಬೇಕಾದ ಕಡೆಯಲ್ಲೆಲ್ಲ ನೇರವಾಗಿ ಗಡಿಯಾರವನ್ನೇ ಕೇಳುವ ಸಾಲುಗಳು ಸಾವಿರಗಟ್ಟಲೆ ಹುಟ್ಟಿಕೊಂಡವು. ಆ ಅನುಕೂಲದ ಬೆಲೆ ತಿಳಿದದ್ದು ಶತಮಾನ ಮುಗಿಯುವ ಹೊತ್ತಿಗೆ.

ವೈಟುಕೆ ಕಲಿಸಿದ ಪಾಠ

80 ಅಂಕಣಗಳ ಕಾರ್ಡಿನಲ್ಲಿ ಜಾಗ ಕಡಿಮೆ, ಕಂಪ್ಯೂಟರಿನ ನೆನಪಿನ ಕೋಶವಂತೂ ದುಬಾರಿ. ಹಾಗಾಗಿ 1965 ಎಂದು ಬರೆಯುವ ಬದಲು 65 ಎಂದಷ್ಟೇ ಬರೆಯುವ ರೂಢಿ ಬೆಳೆದಿತ್ತು. 2000 ಇಸವಿ ಬಂದಾಗ '00' ಎಂಬುದನ್ನು ಯಂತ್ರ 1900 ಎಂದು ತಿಳಿದರೆ ಬಡ್ಡಿ, ವಯಸ್ಸು, ಪಿಂಚಣಿ ಎಲ್ಲ ಲೆಕ್ಕವೂ ತಲೆಕೆಳಗು. ಇದೇ 'ವೈಟುಕೆ' ಸಮಸ್ಯೆ. ಇದನ್ನು ಸರಿಪಡಿಸಲು ಜಗತ್ತಿಗೆ 30,000 ಕೋಟಿಯಿಂದ 60,000 ಕೋಟಿ ಡಾಲರ್ ಖರ್ಚಾಗಬಹುದೆಂದು ಅಮೆರಿಕದ ಗಾರ್ಟ್ನರ್ ಸಂಸ್ಥೆ ಅಂದಾಜು ಮಾಡಿತ್ತು.

ಬೆಂಗಳೂರಿನ ಪಾಲಿಗೆ ಇದು ತಿರುವಿನ ಕಾಲ. ಅಮೆರಿಕ, ಯೂರೋಪುಗಳ ಹಳೆಯ ಪ್ರೋಗ್ರಾಮುಗಳನ್ನು ಸಾಲು ಸಾಲಾಗಿ ಓದಿ ತಿದ್ದುವ ಕೆಲಸ ಭಾರತದ ಕಂಪನಿಗಳಿಗೆ ದೊರೆಯಿತು. ಬೆಂಗಳೂರಿನ ಇನ್ಫೋಸಿಸ್, ವಿಪ್ರೋ ಕಂಪನಿಗಳೂ ಅದರಲ್ಲಿ ಪಾಲು ಪಡೆದವು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಹೊಸ ಭಾಷೆ ಕಲಿತು ಬಂದ ಹುಡುಗ ಹುಡುಗಿಯರು ತಮಗಿಂತ ಹಿರಿಯ ವಯಸ್ಸಿನ ಕೋಬಾಲನ್ನು ತರಬೇತಿ ಕೇಂದ್ರಗಳಲ್ಲಿ ಕಲಿತರು. ತಾವು ಎಂದೂ ನೋಡದ ಊರಿನ, ತಾವು ಎಂದೂ ಕಾಣದ ಜನ ಬರೆದ ಪ್ರೋಗ್ರಾಮಿನ ಮನಸ್ಸನ್ನು ಓದುವುದೇ ಅವರ ಮೊದಲ ನೌಕರಿಯಾಯಿತು.

ತಿದ್ದುವುದಕ್ಕಿಂತ ಕಷ್ಟವಾದದ್ದು ತಿದ್ದಿದ್ದು ಸರಿಯೇ ಎಂದು ನೋಡುವುದು. 2000ದ ಜನವರಿ 1ರಂದು ಪ್ರೋಗ್ರಾಂ ಹೇಗೆ ನಡೆಯುತ್ತದೆ ಎಂದು 1998ರಲ್ಲೇ ತಿಳಿಯಬೇಕಿತ್ತು. ಪ್ರೋಗ್ರಾಂ ದಿನಾಂಕವನ್ನು ಯಂತ್ರದ ಗಡಿಯಾರದಿಂದಲೇ ಪಡೆಯುವುದಾದರೆ, ಇಡೀ ಯಂತ್ರದ ಗಡಿಯಾರವನ್ನೇ ಮುಂದಕ್ಕೆ ತಿರುಗಿಸಬೇಕು. ಹಾಗೆ ತಿರುಗಿಸಿದರೆ ಬೇರೆ ಅನಾಹುತಗಳು ಕಾದಿರುತ್ತಿದ್ದವು. ಬಾಡಿಗೆಗೆ ಪಡೆದ ತಂತ್ರಾಂಶಗಳ ಪರವಾನಗಿ ಅವಧಿ ಮುಗಿದುಹೋಗುತ್ತಿತ್ತು. ಇಷ್ಟು ದಿನ ಮಾತ್ರ ಉಳಿಸಬೇಕೆಂದು ಗುರುತು ಹಾಕಿದ್ದ ಟೇಪು, ಕಡತಗಳನ್ನು ಯಂತ್ರ ಅವಧಿ ಮೀರಿದವೆಂದು ಅಳಿಸಬಹುದಿತ್ತು. ಅದೇ ಯಂತ್ರದಲ್ಲಿ ನಡೆಯುವ ಬೇರೆ ಕೆಲಸಗಳೆಲ್ಲ ಹಾದಿ ತಪ್ಪುತ್ತಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಅದಕ್ಕಾಗಿ ಪರೀಕ್ಷೆಗೆಂದೇ ಪ್ರತ್ಯೇಕ ಯಂತ್ರಗಳನ್ನು ಕಟ್ಟಿದರು. ಇನ್ನು ಕೆಲವರು ಪ್ರೋಗ್ರಾಂ ಮತ್ತು ಗಡಿಯಾರದ ನಡುವೆ ನಿಂತು, 'ದಿನ ಯಾವುದು' ಎಂಬ ಪ್ರಶ್ನೆಯನ್ನು ದಾರಿಯಲ್ಲೇ ತಡೆದು, ಬೇಕಾದ ಸುಳ್ಳು ಉತ್ತರ ಕೊಡುವ ವಿಶೇಷ ತಂತ್ರಾಂಶಗಳನ್ನು ಕೊಂಡರು. ಮೊದಲೇ ದಿನಾಂಕವನ್ನು ಹೊರಗಿನಿಂದ ಕೊಡುವ ಏರ್ಪಾಟಿದ್ದ ಕಡೆ ಇಷ್ಟೆಲ್ಲ ಬೇಕಾಗಲಿಲ್ಲ. ಬೇರೆ ದಿನಾಂಕ ಕೊಟ್ಟು ಓಡಿಸಿ ನೋಡಿದರೆ ಸಾಕಾಗಿತ್ತು.

ಪರೀಕ್ಷೆಯ ಬಲೆಯಿಂದ ನುಸುಳಿದ ತಪ್ಪಿನ ಫಲ ಹೇಗಿರುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಶೆಫೀಲ್ಡ್ ನಗರದ ಪ್ರಸಂಗ ಸಾಕ್ಷಿ. ಗರ್ಭಿಣಿಯರ ರಕ್ತಪರೀಕ್ಷೆಯ ಆಧಾರದಿಂದ, ಹುಟ್ಟುವ ಮಗುವಿಗೆ ಡೌನ್ಸ್ ಸಿಂಡ್ರೋಮ್ ಇರುವ ಸಾಧ್ಯತೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ವ್ಯವಸ್ಥೆ ಅಲ್ಲಿತ್ತು. ಆ ಲೆಕ್ಕದಲ್ಲಿ ತಾಯಿಯ ವಯಸ್ಸು ಮುಖ್ಯ. 2000ದ ಜನವರಿಯಿಂದ ಮೇ ತಿಂಗಳವರೆಗೆ ವಯಸ್ಸಿನ ಲೆಕ್ಕ ವೈಟುಕೆ ದೋಷದಿಂದ ತಪ್ಪಿಹೋಯಿತು. 150ಕ್ಕೂ ಹೆಚ್ಚು ಮಹಿಳೆಯರಿಗೆ ತಪ್ಪು ವರದಿ ಹೋಗಿತ್ತು. ಅಪಾಯ ಹೆಚ್ಚಿದ್ದವರಿಗೂ ಕಡಿಮೆ ಎಂದು ತಿಳಿಸಲಾಗಿತ್ತು. ವೈಟುಕೆಯಿಂದ ಏನೂ ಆಗಲಿಲ್ಲ ಎಂದು ಹಗುರವಾಗಿ ಹೇಳುವವರು ಈ ತಾಯಂದಿರನ್ನು ಮರೆಯುತ್ತಾರೆ. ಪ್ರೋಗ್ರಾಮನ್ನು ಪರೀಕ್ಷಿಸುವುದು ಬರೀ ಇಂಜಿನಿಯರುಗಳ ಸಂಗತಿಯಲ್ಲ.

ಹೆಸರು ಬಂದ ಬಗೆ

ಉಪಾಯಕ್ಕೆ ಸಿದ್ಧಾಂತದ ರೂಪ ಬೇರೆ ಕಡೆ ಬರುತ್ತಿತ್ತು. ಹಾಲಿವುಡ್ಡಿನಲ್ಲಿ ಅವಕಾಶ ಕೇಳಿ ಬಂದ ನಟರಿಗೆ, 'ನೀವು ನಮಗೆ ಫೋನು ಮಾಡಬೇಡಿ, ಬೇಕಾದರೆ ನಾವೇ ಮಾಡುತ್ತೇವೆ' ಎಂದು ಹೇಳಿ ಕಳಿಸುವುದು ವಾಡಿಕೆಯಂತೆ. ಜೆರಾಕ್ಸ್ ಕಂಪನಿಯ ರಿಚರ್ಡ್ ಸ್ವೀಟ್ 1985ರಲ್ಲಿ ತಮ್ಮ ತಂತ್ರಾಂಶದ ರಚನೆಯನ್ನು ವಿವರಿಸುವಾಗ ಈ ಮಾತನ್ನು ಬಳಸಿಕೊಂಡರು. ಪ್ರೋಗ್ರಾಂ ವ್ಯವಸ್ಥೆಯನ್ನು ಕರೆಯುವುದಲ್ಲ, ವ್ಯವಸ್ಥೆಯೇ ಪ್ರೋಗ್ರಾಮನ್ನು ಕರೆಯುವುದು. 1988ರಲ್ಲಿ ರಾಲ್ಫ್ ಜಾನ್ಸನ್ ಮತ್ತು ಬ್ರಯಾನ್ ಫೂಟ್ ಇದನ್ನು 'ನಿಯಂತ್ರಣ ತಿರುಗುಮುರುಗಾಗುವುದು' ಎಂಬ ಅರ್ಥದ ಮಾತಿನಿಂದ ಕರೆದರು.

1990ರ ದಶಕದ ಕೊನೆಗೆ ಪರೀಕ್ಷೆಯ ವಿಚಾರದಲ್ಲಿ ಹೊಸ ಗಾಳಿ ಬೀಸಿತು. 1997ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಎಂಬಿಬ್ಬರು ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ ಕುಳಿತು 'ಜೆಯೂನಿಟ್' ಎಂಬ ಪುಟ್ಟ ಸಾಧನ ಬರೆದರು. ಜಾವಾ ಭಾಷೆಯ ಪ್ರೋಗ್ರಾಮಿನ ಒಂದೊಂದು ಚೂರನ್ನೂ ಪ್ರತ್ಯೇಕವಾಗಿ, ಕ್ಷಣಾರ್ಧದಲ್ಲಿ ಪರೀಕ್ಷಿಸುವ ಸಾಧನ ಅದು. ಆದರೆ ಚೂರನ್ನು ಪ್ರತ್ಯೇಕ ಮಾಡುವುದು ಹೇಗೆ? 2000ದಲ್ಲಿ ಟಿಮ್ ಮೆಕಿನನ್, ಸ್ಟೀವ್ ಫ್ರೀಮನ್ ಮತ್ತು ಫಿಲಿಪ್ ಕ್ರೇಗ್ ಒಂದು ದಾರಿ ಹೇಳಿದರು. ಪರೀಕ್ಷೆಯ ಹೊತ್ತಿಗೆ ನಿಜವಾದ ಕಡತ, ನಿಜವಾದ ಅಂಚೆಯ ಬದಲು ವೇಷಧಾರಿಗಳನ್ನು ಕೊಡಬೇಕು. ವೇಷಧಾರಿ ಅಂಚೆ ಯಾರಿಗೂ ಕಾಗದ ಹಾಕುವುದಿಲ್ಲ, ತನಗೆ ಎಷ್ಟು ಕಾಗದ ಕೊಟ್ಟರು ಎಂದು ಲೆಕ್ಕವಿಡುತ್ತದೆ. ವೇಷಧಾರಿಯನ್ನು ಒಳಗೆ ಬಿಡಲು ಪ್ರೋಗ್ರಾಮಿಗೊಂದು ಬಾಗಿಲು ಬೇಕಲ್ಲ, ಆ ಬಾಗಿಲೇ ಡಿಪೆಂಡೆನ್ಸಿ ಇಂಜೆಕ್ಷನ್.

ಅದೇ ಕಾಲದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ದೊಡ್ಡ ಸಂಸ್ಥೆಗಳಿಗಾಗಿ 'ಜೆ2ಇಇ' ಎಂಬ ವ್ಯವಸ್ಥೆ ತಂದಿತ್ತು. ಅದರಲ್ಲಿ ಪ್ರೋಗ್ರಾಂ ತನಗೆ ಬೇಕಾದದ್ದನ್ನು ಒಂದು ದೊಡ್ಡ ಹೆಸರುಪಟ್ಟಿಯಲ್ಲಿ ತಾನೇ ಹುಡುಕಿ ತರಬೇಕಿತ್ತು. ಸಣ್ಣದೊಂದು ಲೆಕ್ಕ ಪರೀಕ್ಷಿಸಲೂ ಭಾರಿ ಸರ್ವರನ್ನು ಚಾಲೂ ಮಾಡಬೇಕು. ಇದನ್ನು ಕಟುವಾಗಿ ವಿಮರ್ಶಿಸಿ 2002ರಲ್ಲಿ ಪುಸ್ತಕ ಬರೆದವರು ಆಸ್ಟ್ರೇಲಿಯಾದ ರಾಡ್ ಜಾನ್ಸನ್. ಕಂಪ್ಯೂಟರಿನ ಜೊತೆಗೆ ಸಂಗೀತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ವಿಶಿಷ್ಟ ವ್ಯಕ್ತಿ ಅವರು. ಪುಸ್ತಕದ ಜೊತೆ ಕೊಟ್ಟಿದ್ದ ಸುಮಾರು 30,000 ಸಾಲುಗಳ ಪ್ರೋಗ್ರಾಂ ಓದುಗರನ್ನು ಹಿಡಿದಿಟ್ಟಿತು. ಯೂರ್ಗನ್ ಹೋಲರ್ ಮತ್ತು ಯಾನ್ ಕರಾಫ್ ಎಂಬ ಇಬ್ಬರು ಅದನ್ನು ಎಲ್ಲರಿಗೂ ಮುಕ್ತವಾದ ಯೋಜನೆಯಾಗಿ ಬೆಳೆಸೋಣ ಎಂದು ಜಾನ್ಸನ್ ಅವರ ಜೊತೆ ಸೇರಿದರು. ಜೆ2ಇಇ ಎಂಬ ಚಳಿಗಾಲದ ನಂತರ ಬರುವ ವಸಂತ ಎಂಬರ್ಥದಲ್ಲಿ ಅದಕ್ಕೆ 'ಸ್ಪ್ರಿಂಗ್' ಎಂದು ಹೆಸರಾಯಿತು. ಅದರ ಮೊದಲ ಪೂರ್ಣ ಆವೃತ್ತಿ 2004ರ ಮಾರ್ಚಿನಲ್ಲಿ ಬಂದಿತು. ಮದುವೆ ಮನೆಯಲ್ಲಿ ಪಟ್ಟಿ ನೋಡಿ ಸಾಮಾನು ಒದಗಿಸುವ ಉಗ್ರಾಣದವರ ಕೆಲಸವನ್ನು ಸ್ಪ್ರಿಂಗ್ ಮಾಡುತ್ತದೆ ಎನ್ನಬಹುದು.

ಇಂಥ ಉಗ್ರಾಣಗಳು ಆಗ ಹಲವು ಹುಟ್ಟಿದ್ದವು. ಎಲ್ಲರೂ ತಮ್ಮದನ್ನು 'ನಿಯಂತ್ರಣದ ತಿರುಗುಮುರುಗು' ಎನ್ನುತ್ತಿದ್ದರು. ಆ ಮಾತು ಬಹಳ ಅಗಲವಾಯಿತು, ನಿಖರವಾದ ಹೆಸರು ಬೇಕು ಎಂದು ಮಾರ್ಟಿನ್ ಫೌಲರ್ 2004ರ ಜನವರಿಯ ಲೇಖನವೊಂದರಲ್ಲಿ ವಾದಿಸಿದರು. ಈ ಕ್ಷೇತ್ರದವರೊಡನೆ ಚರ್ಚಿಸಿ ಫೌಲರ್ ಮುಂದಿಟ್ಟ ಹೆಸರೇ ಡಿಪೆಂಡೆನ್ಸಿ ಇಂಜೆಕ್ಷನ್. ಹೆಸರು ನಿಂತಿತು.

ಹೊಲಿಗೆಯ ಗೆರೆ

ಇದೆಲ್ಲ ಹೊಸದಾಗಿ ಬರೆಯುವವರಿಗೆ ಸರಿ. ಆದರೆ ಹತ್ತಿಪ್ಪತ್ತು ವರ್ಷದಿಂದ ಓಡುತ್ತಿರುವ, ಲಕ್ಷಾಂತರ ಸಾಲುಗಳ ಹಳೆಯ ಪ್ರೋಗ್ರಾಮಿಗೆ ಇದನ್ನು ತರುವುದು ಹೇಗೆ? ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು ಮೈಕೇಲ್ ಫೆದರ್ಸ್. ಹಳೆಯ ಪ್ರೋಗ್ರಾಮುಗಳೊಡನೆ ಕೆಲಸ ಮಾಡುವುದನ್ನು ಕುರಿತ ಅವರ ಪುಸ್ತಕ ಬಂದದ್ದೂ 2004ರಲ್ಲಿಯೇ. ಅವರ ಪ್ರಕಾರ ಲೆಗಸಿ ಎನ್ನಿಸಿಕೊಳ್ಳಲು ವಯಸ್ಸಾಗಬೇಕಿಲ್ಲ. ಯಾವುದಕ್ಕೆ ಪರೀಕ್ಷೆಗಳಿಲ್ಲವೋ ಅದೆಲ್ಲ ಲೆಗಸಿಯೇ. ನಿನ್ನೆ ಸಂಜೆ ಬರೆದದ್ದಾದರೂ ಸರಿ.

ಇಲ್ಲೊಂದು ಗಂಟಿದೆ. ಸುರಕ್ಷಿತವಾಗಿ ಬದಲಿಸಬೇಕಾದರೆ ಮೊದಲು ಪರೀಕ್ಷೆಗಳಿರಬೇಕು. ಪರೀಕ್ಷೆ ಬರೆಯಬೇಕಾದರೆ ಮೊದಲು ಪ್ರೋಗ್ರಾಮನ್ನು ಬದಲಿಸಬೇಕು. ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ ಎಂಬ ಗಾದೆಯ ಹಾಗೆ. ಫೆದರ್ಸ್ ಸೂಚಿಸುವ ದಾರಿ ತೀರಾ ಸಣ್ಣ ಹೆಜ್ಜೆಗಳದು. ಬಟ್ಟೆಯ ಎರಡು ತುಂಡು ಕೂಡುವ ಹೊಲಿಗೆಯ ಗೆರೆಯಂಥ ಜಾಗವನ್ನು ಪ್ರೋಗ್ರಾಮಿನಲ್ಲಿ ಹುಡುಕಬೇಕು ಎನ್ನುತ್ತಾರೆ ಅವರು. ಅಲ್ಲಿ ಬಿಚ್ಚಿದರೆ ಬಟ್ಟೆ ಹರಿಯುವುದಿಲ್ಲ.

ಮತ್ತೆ ಬ್ಯಾಂಕಿನ ಪ್ರೋಗ್ರಾಮಿಗೆ ಬರೋಣ. ಅದನ್ನು ಬ್ಯಾಂಕಿನ ಬೇರೆ ಬೇರೆ ವಿಭಾಗಗಳ ನೂರಾರು ಪ್ರೋಗ್ರಾಮುಗಳು ಕರೆಯುತ್ತಿವೆ. ಎಲ್ಲರೂ ಇನ್ನು ಮುಂದೆ ಗಡಿಯಾರವನ್ನು ಕೈಯಲ್ಲಿ ಹಿಡಿದು ಬರಬೇಕೆಂದರೆ ನೂರಾರು ಕಡೆ ತಿದ್ದಬೇಕು. ಅದರ ಬದಲು ಪ್ರೋಗ್ರಾಮಿಗೆ ಎರಡನೆಯ ಬಾಗಿಲೊಂದನ್ನು ಇಡುತ್ತಾರೆ. ಈ ಹೊಸ ಬಾಗಿಲಿನಿಂದ ಬರುವವರು ಗಡಿಯಾರ ತರಬೇಕು. ಹಳೆಯ ಬಾಗಿಲು ಇದ್ದ ಹಾಗೆಯೇ ಇರುತ್ತದೆ. ಅಲ್ಲಿಂದ ಬಂದವರಿಗೆ ಬಾಗಿಲೇ ಯಂತ್ರದ ನಿಜವಾದ ಗಡಿಯಾರವನ್ನು ಕೊಟ್ಟು, ಹೊಸ ಬಾಗಿಲಿನ ಮೂಲಕ ಒಳಗೆ ಕಳಿಸುತ್ತದೆ. ಹಳಬರಿಗೆ ಏನೂ ಬದಲಾದದ್ದು ಗೊತ್ತಾಗುವುದಿಲ್ಲ. ಪರೀಕ್ಷೆ ಮಾಡುವವರು ಮಾತ್ರ ಹೊಸ ಬಾಗಿಲಿನಿಂದ ಬಂದು ಫೆಬ್ರುವರಿ 29ರಲ್ಲಿ ನಿಂತುಬಿಟ್ಟ ಗಡಿಯಾರವನ್ನು ಕೊಡುತ್ತಾರೆ. ಇದೇ ಕ್ರಮದಲ್ಲಿ ಕಡತದ ಬದಲು ಮೂರು ಕಲ್ಪಿತ ಖಾತೆಗಳನ್ನೂ, ಅಂಚೆಯ ಬದಲು ವೇಷಧಾರಿಯನ್ನೂ ಒದಗಿಸಬಹುದು.

ಬಾಗಿಲಾದ ಮೇಲೂ ತಕ್ಷಣ ತಿದ್ದುವಂತಿಲ್ಲ. ಪ್ರೋಗ್ರಾಂ ಈಗ ಏನು ಮಾಡುತ್ತಿದೆಯೋ ಅದನ್ನು ಇದ್ದ ಹಾಗೆ ದಾಖಲಿಸುವ ಪರೀಕ್ಷೆಗಳನ್ನು ಮೊದಲು ಬರೆಯಬೇಕು. ಅದು ಮಾಡುವುದು ಸರಿಯೋ ತಪ್ಪೋ ಎಂಬ ತೀರ್ಪು ಆಮೇಲೆ. ಏಕೆಂದರೆ ಎಷ್ಟೋ ವರ್ಷಗಳಿಂದ ನಡೆದುಬಂದ ತಪ್ಪಿಗೂ ಯಾರೋ ಹೊಂದಿಕೊಂಡಿರುತ್ತಾರೆ. ದಾಖಲೆ ಕೈಯಲ್ಲಿದ್ದರೆ, ತಿದ್ದಿದ ಮೇಲೆ ಬದಲಾಗಬೇಕಾದದ್ದು ಮಾತ್ರ ಬದಲಾಗಿದೆಯೇ ಎಂದು ನೋಡಬಹುದು.

ಕೋಬಾಲಿನಂಥ ಹಳೆಯ ಭಾಷೆಯಲ್ಲೂ ಇದರ ಮೂಲತತ್ತ್ವ ನಡೆಯುತ್ತದೆ. ಕರೆಯುವ ಪ್ರೋಗ್ರಾಮಿನಿಂದ ಮಾಹಿತಿ ಪಡೆಯಲು ಅದರಲ್ಲೊಂದು ವಿಭಾಗವೇ ಇದೆ. ದಿನಾಂಕವನ್ನು ಆ ದಾರಿಯಿಂದ ಕೊಟ್ಟರೆ ಪಂಚ್ ಕಾರ್ಡಿನ ಕಾಲದ ವಿವೇಕ ಮರಳಿ ಬಂದಂತೆ.

ಒಡೆದು ಕಟ್ಟಬಾರದೇ?

ಇಷ್ಟು ತಾಳ್ಮೆ ಯಾಕೆ, ಹಳೆಯದನ್ನು ಬಿಸಾಕಿ ಹೊಸದನ್ನೇ ತರಬಾರದೇ ಎಂಬ ಪ್ರಶ್ನೆ ಸಹಜ. ಕೆಲವೊಮ್ಮೆ ಅದು ಅನಿವಾರ್ಯವೂ ಹೌದು. ಆದರೆ ಒಂದೇ ಏಟಿಗೆ ದಾಟುವುದರ ಅಪಾಯಕ್ಕೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ಉದಾಹರಣೆ ಇದೆ. 52 ಲಕ್ಷ ಗ್ರಾಹಕರಿದ್ದ ಈ ಬ್ಯಾಂಕು 2018ರ ಏಪ್ರಿಲಿನ ಒಂದು ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ ಬದಲಾಯಿತು. ಸುಮಾರು 19 ಲಕ್ಷ ಮಂದಿಗೆ ತಮ್ಮ ಖಾತೆಯನ್ನೇ ತೆರೆಯಲಾಗಲಿಲ್ಲ. ತೊಂದರೆಗಳು ಪೂರ್ತಿ ಬಗೆಹರಿಯಲು ತಿಂಗಳುಗಳೇ ಹಿಡಿದವು. 2022ರ ಡಿಸೆಂಬರಿನಲ್ಲಿ ನಿಯಂತ್ರಣ ಸಂಸ್ಥೆಗಳು ಬ್ಯಾಂಕಿಗೆ 4.86 ಕೋಟಿ ಪೌಂಡಿಗೂ ಹೆಚ್ಚು ದಂಡ ಹಾಕಿದವು.

ಹಾಗೆಂದು ಡಿಪೆಂಡೆನ್ಸಿ ಇಂಜೆಕ್ಷನ್ ಸರ್ವರೋಗಕ್ಕೂ ಮದ್ದಲ್ಲ. ಇದರ ಹೆಸರಿನಲ್ಲಿ ಅತಿರೇಕಗಳೂ ನಡೆದವು. ಯಾವ ಪ್ರೋಗ್ರಾಮಿಗೆ ಏನು ಕೊಡಬೇಕು ಎಂದು ಬರೆದಿಡುವ ಎಕ್ಸ್‌ಎಂಎಲ್ ಕಡತಗಳು ಸಾವಿರಾರು ಸಾಲು ಬೆಳೆದವು. ಪ್ರೋಗ್ರಾಮಿನೊಳಗೆ ಇದ್ದ ಗೋಜಲು ಕಡತಕ್ಕೆ ವರ್ಗವಾಯಿತೇ ಹೊರತು ಹೋಗಲಿಲ್ಲ. ಕಡತದಲ್ಲಿ ಒಂದು ಹೆಸರು ತಪ್ಪಿದರೂ ಓಡಿಸುವವರೆಗೆ ತಿಳಿಯುತ್ತಿರಲಿಲ್ಲ. ಇದಕ್ಕೆ ಪ್ರತಿಯಾಗಿ 2007ರಲ್ಲಿ ಗೂಗಲ್ ಕಂಪನಿ 'ಗೈಸ್' ಎಂಬ ಸಾಧನ ಹೊರತಂದು, ಆ ಸೂಚನೆಗಳನ್ನು ಜಾವಾ ಭಾಷೆಯಲ್ಲೇ ಬರೆಯುವಂತೆ ಮಾಡಿತು. ಸ್ಪ್ರಿಂಗ್ ಕೂಡ ಅದೇ ದಾರಿಗೆ ಬಂದಿತು. ವಾಸ್ತವವಾಗಿ ಈ ಉಪಾಯಕ್ಕೆ ಯಾವ ಉಗ್ರಾಣವೂ ಕಡ್ಡಾಯವಲ್ಲ. ಚಿಕ್ಕ ಸಮಾರಂಭಕ್ಕೆ ಮನೆಯವರೇ ಸಾಮಾನು ಎತ್ತಿಕೊಟ್ಟರೆ ಸಾಕು.

ಇನ್ನೊಂದು ಮಿತಿಯೂ ಇದೆ. ವೇಷಧಾರಿ ಕಡತದ ಜೊತೆ ಚೆನ್ನಾಗಿ ನಡೆದ ಪ್ರೋಗ್ರಾಂ ನಿಜವಾದ ಕಡತದ ಜೊತೆಯೂ ಹಾಗೆಯೇ ನಡೆಯುತ್ತದೆ ಎಂಬ ಖಾತರಿಯಿಲ್ಲ. ತಾಲೀಮಿನಲ್ಲಿ ಚೆನ್ನಾಗಿ ಕುಣಿದವನು ರಂಗಸ್ಥಳದಲ್ಲೂ ಕುಣಿದು ತೋರಿಸಬೇಕು.

ಉಳಿದ ವಿವೇಕ

2014ರಲ್ಲಿ ಬಂದ ಜಾವಾ ಭಾಷೆಯ 8ನೇ ಆವೃತ್ತಿಯಲ್ಲಿ ಗಡಿಯಾರಕ್ಕೆಂದೇ ಒಂದು ಪ್ರತ್ಯೇಕ ಭಾಗ ಸೇರಿತು. ಈಗಿನ ಸಮಯ ಬೇಕಾದ ಪ್ರತಿ ಕಡೆಗೂ ಈ ಗಡಿಯಾರವನ್ನು ಹೊರಗಿನಿಂದ ಕೊಡುವುದು ಒಳ್ಳೆಯ ಪದ್ಧತಿ ಎಂದು ಅದರ ಕೈಪಿಡಿಯಲ್ಲೇ ಬರೆದಿದೆ. ಮೈಕ್ರೋಸಾಫ್ಟ್ ಕಂಪನಿಯ ಡಾಟ್‌ನೆಟ್ ವ್ಯವಸ್ಥೆಗೆ ಇಂಥದೇ ಗಡಿಯಾರ 2023ರಲ್ಲಿ ಬಂದಿತು. ಕಾರ್ಡಿನಲ್ಲಿ ರಂಧ್ರ ಮಾಡಿ ದಿನಾಂಕ ಕೊಡುತ್ತಿದ್ದವರು ಕಂಡುಕೊಂಡ ಅನುಕೂಲ, ಅರ್ಧ ಶತಮಾನದ ಸುತ್ತು ಹಾಕಿ ಭಾಷೆಯ ನಿಯಮಾವಳಿಯೊಳಗೆ ಬಂದು ಕುಳಿತಿತು.

ಪ್ರೋಗ್ರಾಂ ಬರೆದವರು ನಿವೃತ್ತರಾಗುತ್ತಾರೆ, ಕಂಪನಿ ಬಿಡುತ್ತಾರೆ, ತೀರಿಕೊಳ್ಳುತ್ತಾರೆ. ಅವರು ಏನು ಎಣಿಸಿ ಹೀಗೆ ಬರೆದರು ಎಂಬುದು ಅವರ ಜೊತೆಗೇ ಹೋಗುತ್ತದೆ. ಅವರ ಮಾತು ಕೇಳಲು ಆಗದಿದ್ದಾಗ ಪ್ರೋಗ್ರಾಮನ್ನೇ ಕೇಳಬೇಕಾಗುತ್ತದೆ: ಈ ದಿನಾಂಕ ಕೊಟ್ಟರೆ ನೀನು ಏನು ಹೇಳುತ್ತೀಯೆ, ಈ ಖಾತೆ ಕೊಟ್ಟರೆ ಏನು ಮಾಡುತ್ತೀಯೆ? ಹೊರಗಿನಿಂದ ಕೊಡಲು ಬಾಗಿಲಿಟ್ಟ ಪ್ರೋಗ್ರಾಂ ಮಾತ್ರ ಇಂಥ ಪ್ರಶ್ನೆಗೆ ಯಾರಿಗೂ ಹಾನಿಯಾಗದಂತೆ ಉತ್ತರ ಕೊಡಬಲ್ಲದು. ಪಿಂಚಣಿ, ಭತ್ಯೆ, ಆಸ್ಪತ್ರೆಯ ವರದಿಗಳು ಇಂಥ ಉತ್ತರಗಳನ್ನೇ ನೆಚ್ಚಿಕೊಂಡಿರುವಾಗ, ಆ ಬಾಗಿಲು ಇಡುವ ಕೆಲಸಕ್ಕೆ ಕೊಡುವ ಸಮಯವನ್ನು ಯಾವ ಸಂಸ್ಥೆಯೂ ದಂಡವೆಂದು ಎಣಿಸಬಾರದು.